ಚಿಕ್ಕುತೋಟದ ಆಶ್ರಯಪಟ್ಟಣ

ಮೊನ್ನೆ ಕೆರೂರ ಸಂತೆಯಲ್ಲಿ ಹೆಂಗಸೊಬ್ಬಳು ಗೋಣಿಚೀಲದ ಬಾಯಿ ಬಿಚ್ಚಿ ಚಿಕ್ಕು ಸುರಿದಳು. ಹಣ್ಣಿನ ಜೊತೆ ಒಣಹುಲ್ಲೂ ಬಿತ್ತು. ಹುಲ್ಲಿನಲ್ಲಿ ಬೆಚ್ಚಗಿದ್ದು ಹಣ್ಣಾದ ಚಿಕ್ಕುವಿನ ವಾಸನೆ. ಅದರಲ್ಲಿ ತುಸು ಬೆಲ್ಲ, ತುಸು ಸೊನೆ... ನಾನು ಬಂದದ್ದು ಸುತಳಿ ಕೊಳ್ಳಲು. ಸುತಳಿ ಮರೆತೇಹೋಯಿತು. ನಾಲ್ಕು ಹೆಜ್ಜೆ ಮುಂದೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ, ಮತ್ತೆ ಬಂದೆ.

"ತಗೋತಿದ್ರ ತಗೋರಿ ಅಣ್ಣಾರ, ಇಲ್ಲಂದ್ರ ಅಡ್ಡ ನಿಂದರಬ್ಯಾಡ್ರಿ," ಎಂದಳು ಆಕೆ. ತಪ್ಪೇನಿಲ್ಲ. ಒಂದು ಕಡೆ ನಿಲ್ಲುವುದು ನನಗೆ ಬಹಳ ವರ್ಷಗಳಿಂದ ಬರುವುದಿಲ್ಲ.

ಆ ವಾಸನೆ ಕಲಾದಗಿಯ ಒಬ್ಬ ಹಿರಿಯರದು. ಊರೆಲ್ಲ ಅವರನ್ನು ಉಪದೇಶಿ ಅಜ್ಜ ಎನ್ನುತ್ತಿತ್ತು. ಸಣ್ಣದೊಂದು ಚರ್ಚಿನಲ್ಲಿ ಮೂವತ್ತು ವರ್ಷ ಸತ್ಯವೇದ ಓದಿ ಹೇಳಿ, ವಯಸ್ಸಾದ ಮೇಲೆ ಘಟಪ್ರಭೆಯ ದಂಡೆಯ ತಮ್ಮ ಚಿಕ್ಕುತೋಟದಲ್ಲಿ ಇದ್ದರು. ಮದುವೆ ಮಾಡಿಕೊಂಡವರಲ್ಲ. ನಮ್ಮದು ಬೀರಪ್ಪನ ಒಕ್ಕಲು, ಕುರಿಯವರ ಮನೆ. ಬೇಸಿಗೆಯಲ್ಲಿ ನಮ್ಮಪ್ಪ ಅವರ ತೋಟದಲ್ಲಿ ಕುರಿ ತರುಬುತ್ತಿದ್ದ. ಹಿಂಡು ನಾಲ್ಕು ದಿನ ಮಲಗಿ ಎದ್ದರೆ ಗಿಡಗಳಿಗೆ ಗೊಬ್ಬರವಾಗುತ್ತಿತ್ತು. ನಮಗೂ ಅವರಿಗೂ ಇದ್ದ ನಂಟು ಅಷ್ಟೇ. ಆದರೂ ನನ್ನ ಬದುಕಿನ ಮೂರು ವರ್ಷ ಅವರ ಕಳ್ಳಿಬೇಲಿಯ ಒಳಗೆ ಕಳೆಯಿತು.

ಯಾಕೆಂದು ಹೇಳಿಬಿಡುತ್ತೇನೆ, ಸುತ್ತಿ ಬಳಸುವ ತಾಳ್ಮೆ ನನಗಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಇಳಕಲ್ ಹತ್ತಿರದ ಒಂದು ಕಲ್ಲಿನ ಕ್ವಾರಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದೆ. ಹುನಗುಂದದ ನನ್ನ ಗೆಳೆಯನೂ ಅಲ್ಲೇ ಕೆಲಸಕ್ಕಿದ್ದ. ಗಾಡಿ ಹಿಂದಕ್ಕೆ ತಗೊಳ್ಳುವಾಗ ಅವನು ಹಿಂದೆ ನಿಂತು "ಬರ್ಲಿ, ಬರ್ಲಿ" ಎಂದು ಕೂಗುತ್ತಿದ್ದ. ಅವನ ದನಿ ಹಿಡಿದು ನಾನು ಬರುತ್ತಿದ್ದೆ. ಒಂದು ಮಧ್ಯಾಹ್ನ ಅವನ ಕಾಲು ಕಲ್ಲಿನ ಸಂದಿಯಲ್ಲಿ ಸಿಕ್ಕಿತು. "ನಿಂದ್ರು" ಎಂದು ಕೂಗಿದನಂತೆ. ಆಚೆ ಕೆಲಸ ಮಾಡುತ್ತಿದ್ದವರಿಗೆ ಕೇಳಿಸಿತು, ನನಗೆ ಕೇಳಿಸಲಿಲ್ಲ.

ಪೊಲೀಸರು ಬರೆದುಕೊಂಡರು. ಕೋರ್ಟು ವಿಚಾರಿಸಿತು, ಅಪಘಾತ ಎಂದಿತು, ಬಿಟ್ಟಿತು. ಜಾಗ ಇಕ್ಕಟ್ಟು, ಎಂಜಿನ್ ಸಪ್ಪಳ, ದೂಳು... ಎಲ್ಲವೂ ನನ್ನ ಪರವಾಗಿಯೇ ಇದ್ದವು. ಒಂದನ್ನು ಮಾತ್ರ ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ದೂಳಿಗೆಂದು ಗಾಜು ಏರಿಸಿ, ಒಳಗೆ ಜೋರಾಗಿ ಹಾಡು ಹಚ್ಚಿದ್ದೆ. ಕನ್ನಡಿಯಲ್ಲಿ ಅವನ ಕೈ ಕಂಡರೆ ಸಾಕು ಅಂದುಕೊಂಡಿದ್ದೆ. ಕೈ ಕಂಡಿತು. ಅವನು ಕರೆಯುತ್ತಿದ್ದಾನೆ ಎಂದೇ ತಿಳಿದೆ.

ಗೆಳೆಯನ ಅವ್ವ ನನಗೆ ಎಷ್ಟೋ ದಿನ ರೊಟ್ಟಿ ಬಡಿದು ಹಾಕಿದವಳು. ಕೋರ್ಟಿನ ಅಂಗಳದಲ್ಲಿ ನನ್ನ ತೋಳು ಹಿಡಿದು, "ನನ್ನ ಮಗ ಕೂಗಲಿಲ್ಲೇನಪಾ?" ಎಂದು ಕೇಳಿದಳು.

"ಕೇಳಸಲಿಲ್ಲ ಯವ್ವಾ. ಎಂಜಿನ್ ಸಪ್ಪಳ," ಎಂದೆ.

ಆಕೆ ತಲೆಯಾಡಿಸಿದಳು. ನಂಬಿದಳು. ಹಿಂದೆ ನಿಂತಿದ್ದ ಅವನ ಅಣ್ಣ ನಂಬಲಿಲ್ಲ. "ನಮ್ಮ ಓಣ್ಯಾಗ ಕಾಲಿಟ್ರ ನಿನ್ನೂ ಅಂವನ ಬೆನ್ನಹಿಂದ ಕಳಸ್ತೇನಿ," ಎಂದ. ಅವತ್ತೇ ಕಲಾದಗಿಯ ಬಸ್ಸು ಹತ್ತಿದೆ. ಅಣ್ಣನಿಗೆ ಹೆದರಿ ಎಂದು ಎಲ್ಲರೂ ತಿಳಿದರು. ನಾನು ಹೆದರಿದ್ದು ಅವ್ವನ ಆ ಪ್ರಶ್ನೆಗೆ, ಆಕೆ ಮತ್ತೊಮ್ಮೆ ಕೇಳಿದರೆ ಏನು ಹೇಳಲಿ ಎಂದು.

ಅಜ್ಜ ಏನೂ ವಿಚಾರಿಸಲಿಲ್ಲ. ಕೈಗೆ ಬುಟ್ಟಿ ಕೊಟ್ಟರು. ಕಾಯಿ ಹರಿಯುವುದು, ಗೋಣಿತಟ್ಟಿನಿಂದ ಅದರ ಮೇಲಿನ ದೂಳು ತಿಕ್ಕುವುದು, ಹುಲ್ಲಿನಲ್ಲಿ ಹಾಕುವುದು. ಕಸಿ ಕಟ್ಟುವುದನ್ನೂ ಕಲಿಸಿದರು. ಅವರಿಗೊಂದು ಖಯಾಲಿ ಇತ್ತು: ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದು ಒಳ ಅರ್ಥ ಹಚ್ಚುವುದು. ಚಿಕ್ಕುವನ್ನು ಖಿರಣಿ ಗಿಡದ ಮೇಲೆ ಕಸಿ ಕಟ್ಟುತ್ತಾರಲ್ಲ, ಅದಕ್ಕೆ, "ಬೇರ ಖಿರಣಿ, ಗಟ್ಟಿ. ಅದು ಧರ್ಮಶಾಸ್ತ್ರ. ಖರೆ, ಬರೇ ಅದನ್ನ ಬೆಳಸಿದ್ರ ಈ ಹಣ್ಣ ಬರಂಗಿಲ್ಲ. ಮ್ಯಾಲಿನ ಟೊಂಗಿ ಕೃಪಾ," ಎನ್ನುತ್ತಿದ್ದರು. ಮೋಶೆ ಜನರನ್ನು ನದಿಯ ದಂಡೆಯವರೆಗೆ ಕರೆತಂದು ಅಲ್ಲೇ ತೀರಿಕೊಂಡ ಕತೆಯನ್ನು ನಮ್ಮ ಹೊಳೆ ತೋರಿಸಿ ಹೇಳುತ್ತಿದ್ದರು; ಶಾಸ್ತ್ರ ದಂಡೆ ತೋರಿಸುತ್ತದೆ, ದಾಟಿಸುವವನು ಬೇರೆ ಎಂದು. ಚರ್ಚಿನವರಿಗೂ ಇದು ಅತಿಯಾಗಿತ್ತಂತೆ. ನಾನು ಒಮ್ಮೆ ಕೀಟಲೆಗೆ, "ಅಜ್ಜಾರ, ಈ ಆಡು ನಿಮ್ಮ ಧೋತರ ತಿಂದೈತಿ, ಇದು ಶಾಸ್ತ್ರಾನೋ ಕೃಪಾನೋ?" ಎಂದೆ. ಧೋತರ ತಿರುವಿ ನೋಡಿ, "ಇದು ಆಡು," ಎಂದರು. ಬಹಳ ದಿನಗಳ ಮೇಲೆ ಅವತ್ತು ನಕ್ಕೆ.

ಆ ನಗುವಿನ ಬೆನ್ನಿಗೇ ಎಲ್ಲ ಹೇಳಿಬಿಟ್ಟೆ, ಹಾಡಿನ ಮಾತನ್ನೂ. ಅವರು ಒಂದು ಕತೆ ಹೇಳಿದರು. ಹಿಂದೆ ಯೆಹೂದ್ಯರ ನಾಡಿನಲ್ಲಿ ಆರು ಆಶ್ರಯಪಟ್ಟಣಗಳಿದ್ದವಂತೆ. ಹಗೆಯಿಲ್ಲದೆ, ಕೈತಪ್ಪಿ ಒಬ್ಬನ ಜೀವ ತೆಗೆದವನು ಅಲ್ಲಿಗೆ ಓಡಿಹೋಗಬಹುದು. ಸತ್ತವನ ರಕ್ತಸಂಬಂಧಿ ಅವನ ಬೆನ್ನು ಹತ್ತಿರುತ್ತಾನೆ, ಆದರೆ ಪಟ್ಟಣದೊಳಗೆ ಮುಟ್ಟುವಂತಿಲ್ಲ. ಗಡಿ ದಾಟಿ ಹೊರಗೆ ಬಂದರೆ ಮುಗಿಯಿತು. ಅಲ್ಲಿಯ ಮಹಾಯಾಜಕ ಸಾಯುವವರೆಗೆ ಒಳಗೇ ಇರಬೇಕು. ಅವನು ಸತ್ತ ದಿನ ಇವನು ಬಿಡುಗಡೆ, ತನ್ನ ಊರಿಗೆ ಹೋಗಬಹುದು.

"ಬೆನ್ನ ಹತ್ತಿದಾಂವ ಶಾಸ್ತ್ರ ತಮ್ಮಾ. ಅಂವ ಕೆಟ್ಟಾಂವ ಅಲ್ಲ, ಅಂವ ಕೇಳೂದು ನ್ಯಾಯಾನ ಐತಿ. ಪಟ್ಟಣ ಅಂದ್ರ ಕೃಪಾ," ಎಂದು ಮುಂದೆ ಇನ್ನೇನೋ ಹೇಳುತ್ತಿದ್ದರು. ನಾನು ಕೇಳಲಿಲ್ಲ. ನನ್ನ ಕಣ್ಣು ಕಳ್ಳಿಬೇಲಿಯ ಮೇಲಿತ್ತು.

ಅವತ್ತಿನಿಂದ ನಾನು ಆ ಬೇಲಿ ದಾಟಲಿಲ್ಲ. ಸಂತೆಗೆ ಹೋಗಲಿಲ್ಲ, ಹೊಳೆಗೆ ಇಳಿಯಲಿಲ್ಲ, ನಮ್ಮ ಬೀರಪ್ಪನ ಪೂಜೆಗೂ ಹೋಗಲಿಲ್ಲ. ನಮ್ಮವ್ವ ಬಂದು ಹಣೆಗೆ ಭಂಡಾರ ಹಚ್ಚಿ ಹೋಗುತ್ತಿದ್ದಳು. ಒಳಗೆ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ. ಬೇಲಿಗುಂಟ ದಿನಕ್ಕೆ ಎಷ್ಟು ಸಲ ಸುತ್ತುತ್ತಿದ್ದೆನೋ, ಅಲ್ಲಿ ಹುಲ್ಲು ಸತ್ತು ಕಾಲುದಾರಿ ಬಿದ್ದಿತ್ತು. ಅಜ್ಜ ಅದನ್ನು ನೋಡುತ್ತಿದ್ದರು. ಅಣ್ಣನ ಹೆದರಿಕೆ ಇರಬೇಕೆಂದು ಅವರೂ ತಿಳಿದಿದ್ದರು.

ಮೂರನೆಯ ವರ್ಷ ಅವರಿಗೆ ಎದೆನೋವು ಶುರುವಾಯಿತು. ದವಾಖಾನೆಯಿಂದ ಬಂದ ಮೇಲೆ ನಾನೇ ಗಂಜಿ ಕಾಸಿ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಬಟ್ಟಲು ಕೆಳಗಿಟ್ಟು, "ನಾ ಹ್ವಾದ ಮ್ಯಾಲೆ ಏನ್ ಮಾಡ್ತೀಯೋ ತಮ್ಮಾ?" ಎಂದು ಕೇಳಿದರು.

ಬಾಯಿ ತಪ್ಪಿತು. "ಹುನಗುಂದಕ್ಕ ಹೋಗ್ತೇನ್ರಿ, ಗೆಳ್ಯಾನ ಅವ್ವನ ಕಡೆ. ಆವಾಗ ಹೋಗಬಹುದಲ್ರಿ..."

ಅವರು ನನ್ನ ಮುಖ ನೋಡಿದರು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ನಕ್ಕರು, ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಸಿಟ್ಟು ಬಂತು. ಮೂರು ವರ್ಷದಲ್ಲಿ ಅವರ ಸಿಟ್ಟನ್ನು ನಾನು ಕಂಡಿರಲಿಲ್ಲ.

"ಲೇ ಹುಚ್ಚಾ, ನನ್ನ ಮಹಾಯಾಜಕನ್ನ ಮಾಡೀಯೇನಲೇ? ನಾ ಸಾಯೂದನ್ನ ಕಾಯಕೋತ ಕುಂತೀಯೇನು? ಆ ಯಾಜಕ ಶಿಲುಬಿ ಮ್ಯಾಲೆ ಸತ್ತು ಎರಡ ಸಾವಿರ ವರ್ಷ ಆತು! ಅದನ್ನ ಅಲ್ಲೇನು ನಾ ಹೇಳಾಕ ಹತ್ತಿದ್ದು? ಬಾಗಲಾ ತೆಗದ ಐತಿ. ಕೃಪಾ ಅಂತ ಕೊಟ್ರ ಅದರಾಗೂ ಒಂದ ಕಾಯ್ದೆ ಕಟಗೊಂಡ ಕುಂತಿ. ಏಳು, ಇವತ್ತ ಹೋಗೂಣು. ನಾನೂ ಬರ್ತೇನಿ. ಹಾಡಿನ ಮಾತು ನೀ ಹೇಳು, ಬಾಜೂಕ ನಾ ನಿಂದರ್ತೇನಿ."

ಬಿಳಿ ಧೋತರ ಉಟ್ಟರು, ಕರಿ ಕೋಟು ಹಾಕಿಕೊಂಡರು, ಕೊಡೆ ಹಿಡಿದರು. ಬೇಲಿಯ ಬಾಗಿಲು ದಾಟಿ ರಸ್ತೆಗೆ ಹೋಗಿ ನಿಂತರು. ನಾನು ಬಾಗಿಲ ತನಕ ಹೋದೆ. ಅಲ್ಲಿಂದ ಮುಂದಕ್ಕೆ ಕಾಲು ಏಳಲಿಲ್ಲ. ಕಾಲು ಎಂದು ಸುಳ್ಳು ಯಾಕೆ ಹೇಳಲಿ, ಮನಸ್ಸೇ ಏಳಲಿಲ್ಲ. ಅವರು ಕರೆಯಲಿಲ್ಲ, ಬಯ್ಯಲಿಲ್ಲ. ಕೊಡೆ ಬಿಚ್ಚಿ ನಿಂತೇ ಇದ್ದರು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಎದೆನೋವಿನ ಮನುಷ್ಯ, ಬಿಸಿಲು ನೆತ್ತಿಗೇರುವ ತನಕ ನನಗಾಗಿ ರಸ್ತೆಯಲ್ಲಿ ನಿಂತರು. ಆಮೇಲೆ ಒಳಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, "ನಾಳೆ ನೋಡೂಣು," ಎಂದರು. ಮರುದಿನವೂ ಕೋಟು ಹಾಕಿಕೊಂಡರು. ಅದರ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಎಂಟು ದಿನಕ್ಕೆ ತೀರಿಕೊಂಡರು.

ಇನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಬರೆಯದಿದ್ದರೆ ಇದೂ ಹಾಡಿನ ಮಾತಿನ ಹಾಗೆ ಒಳಗೇ ಉಳಿಯುತ್ತದೆ. ಅವರನ್ನು ಮಣ್ಣಿಗಿಟ್ಟಾಗ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಒಂದು ಗಳಿಗೆ ಮೈ ಹಗುರಾಯಿತು, ಇನ್ನು ನಾನು ಹೋಗಬಹುದು ಎಂದು. ಅಷ್ಟು ಪ್ರೀತಿಸಿದ ಮನುಷ್ಯನ ಸಾವಿಗೆ ನನ್ನೊಳಗಿನ ಯಾರೋ ಒಬ್ಬ ಎದ್ದು ಚಪ್ಪಲಿ ಮೆಟ್ಟಿಕೊಂಡಿದ್ದ.

ಹಾಗಾದರೂ ಹೋದೆನೇ? ಇಲ್ಲ. ಕಲಾದಗಿ ಬಿಟ್ಟು ಹುನಗುಂದಕ್ಕೆ ಬೆನ್ನು ಹಾಕಿ ಕೆರೂರ ಕಡೆ ಬಂದೆ. ಅಜ್ಜ ಕಲಿಸಿದ ಕಸಿಯೇ ಅನ್ನ ಕೊಟ್ಟಿತು. ಸಣ್ಣದೊಂದು ಸಸಿತೋಟ ಮಾಡಿದೆ, ಮದುವೆಯಾಯಿತು. ಒಂಬತ್ತು ವರ್ಷ ಯಾವ ಗಾಡಿಯನ್ನೂ ಹಿಂದಕ್ಕೆ ತಗೊಳ್ಳಲಿಲ್ಲ. ಹೋದ ವರ್ಷ ಬಾಡಿಗೆಯ ಟ್ರ್ಯಾಕ್ಟರಿನ ಚಾಲಕ ಬರಲಿಲ್ಲವೆಂದು ನಾನೇ ಹತ್ತಿದೆ. ಹೆಂಡತಿ ತಾನಾಗಿ ಹಿಂದೆ ಹೋಗಿ ನಿಂತು, ಕೈ ಬೀಸಿ, "ಬರ್ಲಿ, ಬರ್ಲಿ," ಎಂದಳು. ಎಂಜಿನ್ ಆರಿಸಿ ಇಳಿದುಬಿಟ್ಟೆ. ಏನಾಯಿತೆಂದು ಅವಳು ಕೇಳುತ್ತಲೇ ಇದ್ದಳು. ಬಾಗಲಕೋಟೆಯ ಬಸ್ಸು ಹತ್ತಿ, ಅಲ್ಲಿಂದ ಹುನಗುಂದಕ್ಕೆ ಹೋದೆ.

ಗೆಳೆಯನ ಅವ್ವ ಅಂಗಳದಲ್ಲಿ ಕೂತಿದ್ದಳು, ಬಾಯಲ್ಲಿ ಒಂದೂ ಹಲ್ಲು ಉಳಿದಿರಲಿಲ್ಲ. ನೋಡಿದ ಕೂಡಲೇ ಗುರುತು ಹಿಡಿದಳು. "ಯಪ್ಪಾ, ನೀನೇನೋ! ಇಬ್ಬರೂ ಕೂಡಿ ಬರತಿದ್ರಿ..." ಎಂದು ಕೈ ಹಿಡಿದು ಕೂರಿಸಿಕೊಂಡಳು. ನಾನು ನಿಲ್ಲಿಸದೆ ಹೇಳಿದೆ. ಗಾಜು ಏರಿಸಿದ್ದು, ಹಾಡು ಹಚ್ಚಿದ್ದು, ಎಂಜಿನ್ ಸಪ್ಪಳ ಎಂದು ಆಕೆಗೆ ಸುಳ್ಳು ಹೇಳಿದ್ದು. "ಅಂವ ಕೂಗಿದ್ದ ಯವ್ವಾ. ನಾ ಹಾಡು ಹಚ್ಚಿದ್ದೆ." ಆಕೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಹೇಳಿ ಮುಗಿದ ಮೇಲೆ ನನ್ನ ಗಲ್ಲ ಸವರಿ, "ಭಾಳ ಸೊರಗೀಯಲ್ಲೋ. ಉಂಡೀಯೇನು?" ಎಂದು ಕೇಳಿದಳು.

"ಅವ್ವಗ ಕಿವಿ ಹೋಗಿ ನಾಕ ವರ್ಷ ಆತು." ದನಿ ಹಿಂದಿನಿಂದ ಬಂತು. ಅಣ್ಣ ಬಾಗಿಲಲ್ಲಿ ನಿಂತಿದ್ದ, ತಲೆ ಪೂರ್ತಿ ಬೆಳ್ಳಗಾಗಿತ್ತು. "ನನಗ ಕೇಳಸ್ತು."

ಎದ್ದು ನಿಂತೆ. ಹೊಡೆಯಲಿ ಎಂದೇ ನಿಂತೆ. ಅವನು ಬಹಳ ಹೊತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ. ಆಮೇಲೆ ಒಳಗೆ ತಿರುಗಿ, "ತಾಟ ಹಚ್ರಿ," ಎಂದ. ನನಗೆ, "ಉಂಡು ಹೋಗು. ಮತ್ತ ಬರಬ್ಯಾಡ," ಎಂದ. ಉಂಡೆ. ಹೊರಡುವಾಗ ಅವ್ವ ಅಂಗಳದಿಂದಲೇ ಕೂಗಿ ಹೇಳಿದಳು, "ಮತ್ತ ಬಾರಪಾ!" ಆಕೆಗೆ ಮಗ ಹೇಳಿದ್ದು ಕೇಳಿಸಿರಲಿಲ್ಲ.

ಒಂದು ವರ್ಷವಾಯಿತು. ಬಾ ಎಂದವಳು, ಬರಬೇಡ ಎಂದವನು, ಇಬ್ಬರೂ ಒಂದೇ ಬಾಗಿಲಿನ ಮನೆಯವರು. ಆಕೆ ಕೇಳಿಸಿಕೊಳ್ಳದೆ ಉಂಡೆಯಾ ಎಂದಳು. ಅವನು ಎಲ್ಲ ಕೇಳಿಸಿಕೊಂಡೂ ತಾಟು ಹಚ್ಚಿಸಿದ, ಆಮೇಲೆ ಬಾಗಿಲು ಹಾಕಿದ. ಇದಕ್ಕೆ ಅಜ್ಜ ಏನು ಅರ್ಥ ಹಚ್ಚುತ್ತಿದ್ದರು... ಯಾರನ್ನು ಶಾಸ್ತ್ರ ಎನ್ನುತ್ತಿದ್ದರು, ಯಾರನ್ನು ಕೃಪೆ? ಹಿಂದೆ ಕೀಟಲೆಗೆ ಕೇಳುತ್ತಿದ್ದೆ, ಈಗ ನಿಜವಾಗಿ ಕೇಳಬೇಕಾಗಿದೆ. ಕೇಳೋಣವೆಂದರೆ ಅಜ್ಜ ಇಲ್ಲ. ಎರಡು ಬಸ್ಸು ಬಿಟ್ಟು, ಬಿಸಿಲಲ್ಲಿ ಕೊಡೆ ಬಿಚ್ಚಿ ನಿಂತ ಆ ಕರಿ ಕೋಟು ಮಾತ್ರ ಕಣ್ಣ ಮುಂದಿದೆ.

ಸಂತೆಯ ಹೆಂಗಸು ಮತ್ತೆ ದಬಾಯಿಸುವುದರೊಳಗೆ ಕುಕ್ಕರುಗಾಲಲ್ಲಿ ಕೂತು ಹಣ್ಣಿಗೆ ಕೈ ಹಾಕಿದೆ. ಆಕೆ ಗಟ್ಟಿ ಹಣ್ಣು ಆರಿಸಿ ತಕ್ಕಡಿಗೆ ಹಾಕತೊಡಗಿದಳು, "ನಾಕ ದಿನ ತಡೀತಾವ್ರಿ," ಎಂದಳು.

"ಬ್ಯಾಡ್ರಿ, ಮೆತ್ತಗಿನವ ಕೊಡ್ರಿ," ಎಂದೆ. "ಇವತ್ತ ತಿನ್ನಾವು. ತಿನ್ನಾಕಿಗೆ ಹಲ್ಲಿಲ್ಲ."