ಆಣೆ ಮಾಡದ ಅಜ್ಜಿ

ನಾನು ಬಾಡಿಗೆಗಿದ್ದ ಮನೆಯ ಅಜ್ಜಿಗೆ ಬಲಗೈ ತೋರುಬೆರಳಿನ ಉಗುರು ಮಾತ್ರ ಉದ್ದ. ದಿನಾ ಬೆಳಿಗ್ಗೆ ಅದನ್ನು ಹಾಲಿನವನ ಚೊಂಬಿಗೆ ಅದ್ದಿ, ನೀರು ಬೆರೆಸಿದ್ದಾನೇನೋ ಎಂದು ಹನಿ ನಿಲ್ಲುತ್ತದೋ ಜಾರುತ್ತದೋ ನೋಡಿಯೇ ಪಾತ್ರೆ ಒಡ್ಡುತ್ತಿದ್ದರು. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಮೇಡಂ ಆಗಿ ಬಂದಿದ್ದ ನನ್ನ ಕಾಗದಗಳನ್ನೂ ಬೆಳಕಿಗೆ ಹಿಡಿದು ನೋಡಿಯೇ ಕೊಡುವರು. ಓದು ಬರದು ಬೇರೆ! "ಯಾರ್ನೂ ನಂಬಬ್ಯಾಡ ಕಣಮ್ಮ, ನನ್ನೂ ಸೇರ್ಸಿ" ಎನ್ನುವುದು ದಿನದ ಮಾತು. ನನಗೆ ರೇಗುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳಿರಬೇಕು. ಪಾವಗಡದಿಂದ ಧರ್ಮಸ್ಥಳಕ್ಕೆ ಹೊರಟ ಯಾತ್ರೆ ಬಸ್ಸನ್ನು ನಮ್ಮ ಬೀದಿಯವರು ಮಧುಗಿರಿಯಲ್ಲಿ ಹತ್ತಿದೆವು. ಅಜ್ಜಿ ಮೆಟ್ಟಿಲ ಮೇಲೆ ನಿಂತೇ ಡ್ರೈವರನನ್ನು, "ಬ್ರೇಕು ನೆಟ್ಟಗೈತೇನಪ್ಪ?" ಎಂದು ಕೇಳಿದರು. ಎದುರುಮನೆಯ ಅಕ್ಕಿ ಅಂಗಡಿಯವರು, "ಮಂಜುನಾಥನ ಬಸ್ಸಿನ ಮ್ಯಾಲೂ ಅನುಮಾನವಾ ಅಜ್ಜಿ? ಉಗುರು ಅದ್ದಿ ನೋಡ್ಬುಡು!" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿ ಸೆರಗು ಹೊದ್ದು ನನ್ನ ಪಕ್ಕ ಬಂದು ಕೂತರು.

ಕೊರಟಗೆರೆಯಲ್ಲಿ ಕಾಫಿಗೆ ನಿಲ್ಲಿಸಿದರು. ಹೋಟೆಲಿನ ಹಿಂದೆ ಹೋಗಿ ಬಂದ ಅಜ್ಜಿ ನನ್ನ ರಟ್ಟೆ ಹಿಡಿದು, "ಹೊಟ್ಟೆ ತೊಳಸ್ತೈತೆ. ಇಳಿ, ನನ್ನ ತಂಗಿ ಮನೆಗೆ ಹೋಗಾನ" ಎಂದರು. ಮುಡಿಪು ಕಟ್ಟಿ ಹೊರಟವರು ಅರ್ಧದಾರಿಯಲ್ಲಿ ಇಳಿಯುವುದುಂಟೇ? ಗೊಣಗುತ್ತಲೇ ಇಳಿದೆ. ತಂಗಿಯ ಮನೆಯಲ್ಲಿ ಅವರು ಎರಡು ಮುದ್ದೆ ಉಂಡರು. ನನಗೆ ಅನುಮಾನ ಶುರುವಾದದ್ದು ಆಗ.

ಸಂಜೆಗೆ ಸುದ್ದಿ ಬಂತು. ಊರು ದಾಟಿದ ಮೇಲೆ ಬಸ್ಸು ಕೆರೆ ಏರಿಯಿಂದ ಉರುಳಿತ್ತು. ಡ್ರೈವರನೂ ಉಳಿಯಲಿಲ್ಲ, ಅಕ್ಕಿ ಅಂಗಡಿಯವರ ಹೆಂಡತಿಯೂ ಉಳಿಯಲಿಲ್ಲ.

ತಿಥಿ ಮುಗಿದ ಮೇಲೆ ಅಂಗಡಿಯವರು ಕೈಗೆ ಪಟ್ಟಿ ಕಟ್ಟಿಕೊಂಡೇ ನಮ್ಮ ಬಾಗಿಲಿಗೆ ಬಂದರು. "ನಿಂಗೇನೂ ಗೊತ್ತಿರ್ಲಿಲ್ಲ ಅಂತ ಮಂಜುನಾಥನ ಮ್ಯಾಲೆ ಆಣೆ ಮಾಡಜ್ಜಿ, ಸಾಕು." ಧರ್ಮಸ್ಥಳದ ಆಣೆ ನಮ್ಮ ಕಡೆ ಆಟದ ಮಾತಲ್ಲ. ಬೀದಿ ಪೂರಾ ನೋಡುತ್ತಿತ್ತು. ಅಜ್ಜಿ ತಲೆ ತಗ್ಗಿಸಿ ಒಳಗೆ ಹೋಗಿಬಿಟ್ಟರು.

ಆಮೇಲೆ ಯಾರೂ ಆ ಮನೆಯ ನೀರು ಮುಟ್ಟಲಿಲ್ಲ. ಮುದುಕಿ ಮಾಟ ಮಾಡಿಸಿದಳಂತೆ, ಡ್ರೈವರನ ಕಾಫಿಗೆ ಏನೋ ಹಾಕಿದಳಂತೆ. ಜೀವ ಉಳಿಸಿಕೊಂಡ ನಾನೇ ಅವರು ಕೊಟ್ಟ ಸಾರನ್ನು ಮೂಸಿ ನೋಡಿ ಉಂಡಿದ್ದೇನೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಎಷ್ಟೋ ವರ್ಷದ ಮೇಲೆ, ಹಾಸಿಗೆ ಹಿಡಿದಾಗ ಅಜ್ಜಿ ಬಾಯಿಬಿಟ್ಟರು. ಅಂದು ಹೋಟೆಲಿನ ಹಿಂದೆ ಡ್ರೈವರ್ ಬಿಂದಿಗೆ ನೀರನ್ನು ತಲೆಗೆ ಸುರಿದುಕೊಳ್ಳುತ್ತಿದ್ದನಂತೆ. ಕೇಳಿದ್ದಕ್ಕೆ, ಪಾವಗಡದ ಕಡೆಯ ತೆಲುಗು ಬೆರೆಸಿ, "ಮೂರು ದಿನದಿಂದ ನಿದ್ರ ಲೇದಮ್ಮಾ, ಏನೂ ಆಗಲ್ಲ" ಎಂದನಂತೆ.

"ಹೇಳಿದ್ರೆ ಇನ್ನೊಂದ್ಸಲ ನಗ್ತಾರೆ ಅಂತ ಸುಮ್ಕಾಗ್ಬುಟ್ಟೆ ಕಣಮ್ಮ. ಇನ್ನು ಆಣೆ ಹೆಂಗೆ ಮಾಡ್ಲಿ?"

"ಮತ್ತೆ ನನ್ನೊಬ್ಬಳನ್ನೇ ಯಾಕೆ ಇಳಿಸಿದಿರಿ?"

"ಅಷ್ಟು ಜನದಾಗೆ ನೀನೊಬ್ಳೇ ನಗ್ಲಿಲ್ವಲ್ಲ."

ನಾನೂ ನಕ್ಕಿದ್ದೆ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು. ಅದನ್ನು ಅಜ್ಜಿಗೆ ಹೇಳುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.