ಎತ್ತರದ ಸೀಟಿನ ಕಾರು

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಕಟ್ಟಡದ ಕೆಳಗೆ ಆರು ಕಾರಿಗೆ ಜಾಗವಿದೆ, ನಿಲ್ಲುವುದು ಎಂಟು. ಹಾಗಾಗಿ ಬೆಳಿಗ್ಗೆ ಒಬ್ಬರು ಹೊರಡಬೇಕೆಂದರೆ ಇನ್ನಿಬ್ಬರು ಕೀ ಹಿಡಿದು ಇಳಿದು ಬರಬೇಕು. ಇಳಿದವರು ಕಾರು ಸರಿಸಿ ಸುಮ್ಮನೆ ವಾಪಸು ಹತ್ತುವುದಿಲ್ಲ. ಯಾರೋ ಬಾನೆಟ್ ಎತ್ತುತ್ತಾರೆ, ಇನ್ಯಾರೋ ಟೈರಿಗೊಂದು ಒದೆ ಕೊಟ್ಟು ನೋಡುತ್ತಾರೆ, ಅಲ್ಲಿಗೆ ಮಾತು ಶುರು. ಶನಿವಾರವಾದರೆ ಕಾಫಿ ಲೋಟಗಳೂ ಕೆಳಗಿಳಿಯುತ್ತವೆ.

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು. ನಮ್ಮ ಯಜಮಾನರಿಗೆ ಓಡಿಸುವುದಕ್ಕಿಂತ ಅದರ ಬಗ್ಗೆ ಮಾತಾಡುವುದು ಇಷ್ಟ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ನಾನೊಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಆಯಿಲ್ ಬದಲಾಯಿಸಿದ್ದು ಯಾವತ್ತು, ಆಗ ಎಷ್ಟು ಕಿಲೋಮೀಟರ್ ಓಡಿತ್ತು, ಏಸಿ ಫಿಲ್ಟರ್ ತೆಗೆದಾಗ ಒಳಗೆ ಎಷ್ಟು ಬೇವಿನೆಲೆ ಸಿಕ್ಕಿತು, ಎಲ್ಲ ಬರೆದಿದ್ದೇನೆ. ಬೇವಿನೆಲೆಯ ಲೆಕ್ಕ ನೋಡಿ ಕೆಳಗಿನ ಮನೆಯ ಸಾರ್ ಒಮ್ಮೆ ಬಿದ್ದು ಬಿದ್ದು ನಕ್ಕಿದ್ದರು.

ಈ ಸಾರ್ ಬ್ಯಾಂಕಿನಿಂದ ನಿವೃತ್ತರಾದವರು, ಇದೇ ಊರಿನವರು. ಅವರ ತಮಿಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವರದು ತೆಳು ಆಯಿಲ್ ಪಕ್ಷ, ಶೋರೂಮ್ ಸರ್ವಿಸ್ ಪಕ್ಷ. "ಆಯಿಲ್ ನೀರುಮಜ್ಜಿಗೆಯ ಹಾಗೆ ಇರಬೇಕು. ಕೀ ತಿರುಗಿಸಿದ ಕ್ಷಣ ಇಂಜಿನ್ನಿನ ಮೂಲೆಮೂಲೆಗೂ ಓಡಬೇಕು" ಎನ್ನುತ್ತಾರೆ. ನಮ್ಮವರದು ದಪ್ಪ ಆಯಿಲ್ ಪಕ್ಷ. ಚೆನ್ನೈ ಬಿಸಿಲಿಗೆ ಮಜ್ಜಿಗೆ ಹೇಗೆ ತಡೆಯುತ್ತದೆ, ಗಂಜಿಯ ಹದ ಬೇಕು ಎಂದು ಅವರ ವಾದ. ಶೋರೂಮಿನಲ್ಲಿ ಇಂಜಿನ್ ತೊಳೆಯುತ್ತೇವೆ, ಏಸಿಗೆ ಔಷಧಿ ಹೊಡೆಯುತ್ತೇವೆ ಎಂದು ಬೇಡದ್ದನ್ನೆಲ್ಲ ಪಟ್ಟಿಗೆ ಸೇರಿಸುತ್ತಾರೆ ಎಂದು ಇವರು ರೇಗಿಸಿದರೆ, ನಿಮ್ಮ ಬೀದಿ ಮೆಕ್ಯಾನಿಕ್ ಹಳೆ ಸ್ಕ್ರೂ ಎರಡು ಉಳಿಸಿ ಕೈಗೆ ಕೊಡುತ್ತಾನಲ್ಲ ಎಂದು ಸಾರ್ ತಿರುಗಿ ಹೇಳುತ್ತಾರೆ. ನಾನು ಎರಡೂ ಕಡೆಯವರ ಕಾಫಿ ಆರದಂತೆ ನೋಡಿಕೊಳ್ಳುತ್ತೇನೆ.

ಎರಡನೇ ಮಹಡಿಯ ಹುಡುಗಿ ಈ ಮಾತುಗಳಿಗೆ ನಿಲ್ಲುತ್ತಿದ್ದುದು ಕಡಿಮೆ. ಹುಡುಗಿ ಎಂದರೆ ಮೂವತ್ತೈದರ ಹತ್ತಿರ. ನನ್ನನ್ನು ಅಕ್ಕ ಎನ್ನುವುದರಿಂದ ನನಗೆ ಹುಡುಗಿಯೇ. ಮಂಡ್ಯದ ಕಡೆಯವರು, ಬಂದು ಒಂದು ವರ್ಷ ಆಗಿರಬಹುದು. ಗಂಡ ಎಣ್ಣೂರಿನ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿಯುತ್ತಾರೆ. ಒಳಗೆ ಹೋದ ಮೇಲೆ ಶಿಫ್ಟ್ ಮುಗಿಯುವವರೆಗೆ ಫೋನು ಲಾಕರಿನಲ್ಲಿ. ಆದ್ದರಿಂದ ಅವರ ಹಳೆಯ ಕಾರನ್ನು ಓಡಿಸುವವಳು ಇವಳು, ಕೂರುವವರು ಇವಳ ತಾಯಿ.

ತಾಯಿಗೆ ಸೊಂಟದ ಕೀಲಿನ ಆಪರೇಷನ್ ಆಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ತ್ರಿಪ್ಲಿಕೇನ್‌ನ ಫಿಸಿಯೋಥೆರಪಿಗೆ ಹೋಗಬೇಕು. ಕಾಲು ಮಡಚಿ ತಗ್ಗಿನಲ್ಲಿ ಕೂರಬಾರದೆಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಆಟೋ ಹತ್ತಲು ಆಗದು. ಆದರೆ ಆ ಹಳೆ ಕಾರಿದೆಯಲ್ಲ, ಡಬ್ಬಿಯಂತೆ ಎತ್ತರವಾಗಿ ನಿಂತದ್ದು, ಅದರ ಮುಂದಿನ ಸೀಟು ಸರಿಯಾಗಿ ಅವರ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಬೆನ್ನು ತಿರುಗಿಸಿ ಸೀಟಿಗೆ ಆತು, ಹಾಗೇ ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಂಡರೆ ಮುಗಿಯಿತು. ಯಾರೂ ಕೈಹಿಡಿಯಬೇಕಿರಲಿಲ್ಲ. ಹಿಡಿಯಲು ಹೋದರೆ "ಬುಡವ್ವ, ನಾನೇನ್ ಕೂಸಾ?" ಎಂದು ಗದರುತ್ತಿದ್ದರು.

ಒಂದು ಗುರುವಾರ ಅವಳು ಕಾರನ್ನು ಶೋರೂಮಿಗೆ ಸರ್ವಿಸ್‌ಗೆ ಬಿಟ್ಟು ಬಂದಳು. ಮಧ್ಯಾಹ್ನ ಫೋನನ್ನು ಚಾರ್ಜಿಗೆ ಹಾಕಿ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಶೋರೂಮಿನಿಂದ ಕರೆ ಬಂತು. ತಾಯಿ ಎತ್ತಿಕೊಂಡರು. ಮಗಳು ಇಳಿದು ಬಂದರೆ ತಾಯಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರಂತೆ. "ಇಂಜಿನ್ನು ಸತ್ತೋಯ್ತಂತೆ ಕನವ್ವ" ಎಂದರಂತೆ.

ಹದಿಮೂರು ವರ್ಷದ ಕಾರು. ಸತ್ತಿತು ಎಂದರೆ ಯಾರಿಗೂ ಅನುಮಾನ ಬರಲಿಲ್ಲ. ಅವಳು ಗಂಡನಿಗೆ ಮೆಸೇಜ್ ಹಾಕಿದಳು. ಅವರು ಸಂಜೆ ಹೊರಗೆ ಬಂದವರೇ ಅದೇ ಶೋರೂಮಿನಲ್ಲಿ ಹೊಸ ಕಾರು ಮಾರುವವನಿಗೆ ಫೋನ್ ಮಾಡಿ, ಇಂಜಿನ್ ಹೋಗಿದೆ, ಹಳೇದು ತಗೊಂಡು ಹೊಸದು ಕೊಡಿ ಎಂದರು. ಅವನು ಖುಷಿಯಾಗಿ, ಶನಿವಾರ ಮಧ್ಯಾಹ್ನದೊಳಗೆ ಮೇಡಂ ಬಂದು ಸಹಿ ಹಾಕಲಿ ಸಾರ್, ಮಿಕ್ಕಿದ್ದು ನಮಗೆ ಬಿಡಿ ಎಂದ. ಸರ್ವಿಸ್ ವಿಭಾಗದವರನ್ನು ಕೇಳುವ ಗೋಜಿಗೆ ಅವನೂ ಹೋಗಲಿಲ್ಲ, ಇವರೂ ಹೋಗಲಿಲ್ಲ. ಗಂಡನದು ತಪ್ಪೆಂದು ನಾನು ಹೇಳುವುದಿಲ್ಲ. ಕೈಗೆ ಸಿಗದಷ್ಟು ದೂರದಲ್ಲಿ ಕೆಲಸ ಮಾಡುವವನಿಗೆ, ಮನೆಯ ಇಬ್ಬರು ಹೆಂಗಸರು ಮೌಂಟ್ ರೋಡಿನಲ್ಲಿ ಕೆಟ್ಟು ನಿಂತ ಕಾರಿನೊಳಗೆ ಕೂತಿರುವುದು ಕಣ್ಣಿಗೆ ಕಟ್ಟಿರಬೇಕು.

ಶುಕ್ರವಾರ ನನ್ನ ಕಾರಿನಲ್ಲಿ ತ್ರಿಪ್ಲಿಕೇನ್‌ಗೆ ಹೊರಟೆವು. ನನ್ನದು ತಗ್ಗು ಕಾರು. ಎರಡು ದಿಂಬು ಹಾಕಿದೆವು. ಕೂರುವುದೇನೋ ಕೂತರು, ಇಳಿಯುವಾಗ ಆಗಲಿಲ್ಲ. ನಾನೊಂದು ತೋಳು, ಅವಳೊಂದು ತೋಳು, ಎದುರಿನ ಮೆಸ್ಸಿನಲ್ಲಿ ಎಲೆ ಹಾಕುತ್ತಿದ್ದವರೊಬ್ಬರು ಓಡಿ ಬಂದು ಹಿಂದಿನಿಂದ. ಎತ್ತಿ ನಿಲ್ಲಿಸಿದಾಗ ಆ ತಾಯಿ ನೋವಿಗಿಂತ ಹೆಚ್ಚಾಗಿ ನಾಚಿಕೆಯಿಂದ ಮುಖ ಒರೆಸಿಕೊಂಡರು. ವಾಪಸು ಬರುವಾಗ ಒಂದೇ ಮಾತು: "ಇನ್ ಮ್ಯಾಕೆ ಬರಾಕಿಲ್ಲ ನಾನು. ಆದಷ್ಟಾಯ್ತದೆ, ಮನೇಲೇ ಇರ್ತೀನಿ." ವ್ಯಾಯಾಮ ಬಿಟ್ಟರೆ ಕಾಲು ಹಾಗೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರ್ ಹೇಳಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಸಹಿ ಹಾಕಲು ಹೊರಟವಳು ಕೆಳಗೆ ನಮ್ಮ ಕಾಫಿ ಗುಂಪಿಗೆ ಸಿಕ್ಕಿದಳು. ವಿಷಯ ಕೇಳಿ ಸಾರ್ ಹುಬ್ಬು ಗಂಟು ಹಾಕಿದರು.

"ಗುರುವಾರ ನೀನೇ ಓಡಿಸಿಕೊಂಡು ಹೋಗಿ ಬಿಟ್ಟೆಯಲ್ಲಮ್ಮ? ಓಡಿದ ಇಂಜಿನ್ ಮಧ್ಯಾಹ್ನ ಹೇಗೆ ಹೋಗುತ್ತೆ? ಏನಾಗಿದೆ ಅಂತ ಅಂದರು?"

"ಅಮ್ಮ ಮಾತಾಡಿದ್ದು ಅಂಕಲ್. ನಂಗೊತ್ತಿಲ್ಲ" ಎಂದಳು.

ನಾನು ಮೇಲೆ ಹತ್ತಿ ಹೋಗಿ ತಾಯಿಯ ಹತ್ತಿರ ಕೂತೆ. "ಅವ್ವಾರ, ಅವ ಏನಂದ? ಅವ ಅಂದಂಗ ಅನ್ರಿ, ಒಂದಕ್ಷರ ಬಿಡಬ್ಯಾಡ್ರಿ."

ಅವರು ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಅಮ್ಮಾ, ಇಂಜಿನ್ ಸತ್ತಂ... ಅದಿಗಮಾ ಇರುಕ್ಕು... ಅಂದ. ಮಿಕ್ಕಿದ್ದು ಕೇಳಾಕೆ ನಂಗೆ ಜೀವ್ವೇ ಇರ್ನಿಲ್ಲ, ಮಡಗ್ಬುಟ್ಟೆ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವರ ಮುಖ ನೋಡಿ ಕೆಡುಕೆನಿಸಿತು. ತಮಿಳಿನಲ್ಲಿ ಸತ್ತಂ ಎಂದರೆ ಸದ್ದು. ಇಂಜಿನ್ ಸದ್ದು ಜಾಸ್ತಿ ಇದೆ ಎಂದಿದ್ದ ಅವನು, ಅಷ್ಟೇ. ನಮ್ಮ ಮಾವನವರ ಕಾಲದಿಂದ ಇಲ್ಲಿ ಬಟ್ಟೆ ವ್ಯಾಪಾರದಲ್ಲಿರುವ ನಮ್ಮ ಮನೆಯಲ್ಲಿ ಮಕ್ಕಳು ಈಗ ನನ್ನ ಮಾತಿಗೆ ತಮಿಳಿನಲ್ಲೇ ಉತ್ತರ ಕೊಡುತ್ತಾರೆ. ಆದರೆ ನಾನು ಹುಬ್ಬಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಕೆಳಗಿನ ಮನೆಯಾಕೆ "ಮೇಲೆ ಎನ್ನ ಸತ್ತಂ?" ಎಂದು ಕೂಗಿದಾಗ, ಯಾರು ಸತ್ತರೋ ಎಂದು ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದ್ದೆ. ಮೇಲೆ ಯಾರೋ ಒರಳು ಸರಿಸುತ್ತಿದ್ದರು. ಇದನ್ನು ಹೇಳಿದ ಮೇಲೆ ಆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

"ಅಯ್ಯೋ ಮುಂಡೇದೇ, ಜೀವಂತ ಇರಾ ಗಾಡಿಗೆ ತಿಥಿ ಮಾಡಾಕೆ ಹೊಂಟಿದ್ನಲ್ಲಾ ನಾನು!" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ತಟ್ಟನೆ, "ಓಡವ್ವ, ಸೈನು ಗೀನು ಆಕ್ಬುಟ್ಟಾಳು!"

ಕೆಳಗೆ ಕಾಯುತ್ತಿದ್ದ ಹುಡುಗಿಗೆ ವಿಷಯ ಹೇಳಿ ಜೊತೆಗೆ ಹೊರಟಾಗ ಸಾರ್ ನನಗೆ ಕೆಲಸ ಹಚ್ಚಿದರು. "ಹೋದ ಸರ್ವಿಸ್‌ನಲ್ಲಿ ಯಾವ ಆಯಿಲ್ ಸುರಿದಿದ್ದಾರೆ ಕೇಳು. ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡು. ಮಿಕ್ಕಿದ್ದೆಲ್ಲ ಆಮೇಲೆ."

ಶೋರೂಮಿನಲ್ಲಿ ಆ ಹಳೆ ಕಾರನ್ನು ಆಗಲೇ ಮಾರಾಟಕ್ಕಿಟ್ಟ ಹಳೆಯವುಗಳ ಸಾಲಿಗೆ ತಳ್ಳಿ ನಿಲ್ಲಿಸಿದ್ದರು. ಸರ್ವಿಸ್ ನೋಡಿಕೊಳ್ಳುವವರು ನಮ್ಮನ್ನು ಕಂಡು ಜಾಬ್ ಕಾರ್ಡ್ ಹಿಡಿದು ಬಂದರು. ಸದ್ದಿನ ವಿಷಯ ಹೇಳಿ, ನೋಡಲೋ ಬೇಡವೋ ಎಂದು ಕೇಳಲು ಆಮೇಲೂ ಎರಡು ಸಲ ಕರೆ ಮಾಡಿದ್ದರಂತೆ, ಯಾರೂ ಎತ್ತಲಿಲ್ಲವಂತೆ. ಹುಡುಗಿ ತಲೆ ತಗ್ಗಿಸಿದಳು. ಕಾರಿನ ವಿಷಯ ಇನ್ನು ಗಂಡ ನೋಡಿಕೊಳ್ಳುತ್ತಾರೆಂದು ಅವಳೇ ಫೋನು ಎತ್ತಿರಲಿಲ್ಲ.

ಸ್ಟಾರ್ಟ್ ಮಾಡಿಸಿದೆ. ಹೊಲಿಗೆ ಮಷಿನ್ನಿನ ಹಾಗೆ ಟಕ ಟಕ ಟಕ.

"ಈ ಸದ್ದು ಯಾವಾಗಿಂದ, ತಂಗಿ?"

"ಅಕ್ಕ, ಇದು ಹೋದ್ಸಲ ಸರ್ವಿಸ್ ಆದ್ಮೇಲಿಂದ ಇದ್ದದ್ದೇ. ಹಳೇ ಗಾಡಿ ಅಲ್ವಾ, ಹಂಗೇ ಇರ್ತದೆ ಅಂದ್ಕೊಂಡಿದ್ದೆ."

ಡ್ಯಾಶ್‌ಬೋರ್ಡಿನಿಂದ ಪುಸ್ತಕ ತೆಗೆದೆವು. ಯಾವ ಬಿಸಿಲಿಗೆ ಯಾವ ಆಯಿಲ್ ಎಂದು ಪಟ್ಟಿ ಬರೆದ ಪುಟದಲ್ಲಿ, ನಮ್ಮಂಥ ಊರಿಗೆ ದಪ್ಪನೆಯದನ್ನೇ ಹೇಳಿತ್ತು. ಹೋದ ಸಲ ಸುರಿದದ್ದು ಹೊಸ ಕಾರುಗಳಿಗೆಂದು ಡ್ರಮ್ಮಿನಲ್ಲಿ ಬರುವ ತೆಳು ಆಯಿಲ್. ಸರ್ವಿಸ್ ನೋಡಿಕೊಳ್ಳುವವರು ಪುಸ್ತಕವನ್ನೊಮ್ಮೆ, ಜಾಬ್ ಕಾರ್ಡನ್ನೊಮ್ಮೆ ನೋಡಿದರು. "ಈ ಮಾಡಲ್ ಈಗ ದಿನಕ್ಕೊಂದೂ ಬರುವುದಿಲ್ಲ ಮೇಡಂ. ಎಲ್ಲದಕ್ಕೂ ಅದೇ ಡ್ರಮ್. ಆಯಿಲ್ ಬದಲಾಯಿಸಿದರೆ ಸದ್ದು ಇಳಿಯಬಹುದು. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ" ಎಂದು ತಮಿಳಿನಲ್ಲಿ ಹೇಳಿದರು. ಅಷ್ಟು ಒಪ್ಪಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ಅಷ್ಟರಲ್ಲಿ ಹೊಸ ಕಾರು ಮಾರುವವನು ಕಾಗದಗಳೊಂದಿಗೆ ಬಂದ. ಮೇಡಂ, ನಿಮ್ಮ ಯಜಮಾನರ ಜೊತೆ ಎಲ್ಲ ಮಾತಾಗಿದೆ, ಇಲ್ಲೊಂದು, ಇಲ್ಲೊಂದು ಸಹಿ ಎಂದ. ಅವಳು ಗಂಡನಿಗೆ ಕರೆ ಮಾಡಿದಳು. ಲಾಕರಿನಲ್ಲಿದ್ದ ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಶನಿವಾರ ಶಿಫ್ಟ್ ಬೇಗ ಮುಗಿಯುತ್ತದೆ, ಆದರೂ ಎರಡು ಗಂಟೆಗೆ. ಶೋರೂಮಿನ ಗಡಿಯಾರದಲ್ಲಿ ಹನ್ನೊಂದೂಮುಕ್ಕಾಲು. ಪೆನ್ನು ಅವಳ ಕೈಯಲ್ಲಿತ್ತು. ನಾನು ಹೇಳಿದರೆ ಅವಳು ಹಾಗೇ ಮಾಡುತ್ತಿದ್ದಳು. ಅದಕ್ಕೇ ನಾನು ಸುಮ್ಮನಿದ್ದೆ. ನಾಳೆ ಆ ಕಾರು ನಡುರಸ್ತೆಯಲ್ಲಿ ನಿಂತರೆ ಗಂಡನಿಗೆ ಉತ್ತರ ಕೊಡಬೇಕಾದವಳು ಅವಳು.

ಅವಳು ಪೆನ್ನು ಕೆಳಗಿಟ್ಟು, ಹಳೆ ಕಾರಿನ ಬಾಗಿಲು ತೆಗೆದು, ನೆಲದಿಂದ ಸೀಟಿನವರೆಗೆ ಗೇಣು ಹಾಕಿದಳು. ನಂತರ ಒಳಗೆ ರಿಬ್ಬನ್ ಕಟ್ಟಿ ನಿಲ್ಲಿಸಿದ್ದ ಹೊಸ ಕಾರಿನ ಹತ್ತಿರ ಹೋಗಿ, ಚೂಡಿದಾರದ ಶಾಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಲ್ಲಿಯೂ ಕುಕ್ಕರಗಾಲಿನಲ್ಲಿ ಕೂತು ನೆಲದಿಂದ ಗೇಣು ಹಾಕಿದಳು. ಮಾರುವವನು ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದ.

"ಅರ್ಧ ಗೇಣು ಕಮ್ಮಿ ಅದೆ" ಎಂದಳು ಅವಳು ನನಗೆ. ಅವನಿಗೆ ಇಂಗ್ಲಿಷಿನಲ್ಲಿ, "ನಮ್ಮಮ್ಮ ಇದರಲ್ಲಿ ಕೂರೋಕಾಗಲ್ಲ. ನಮಗೆ ಬೇಡ" ಎಂದಳು. ಸೀಟು ಎತ್ತರ ಮಾಡಬಹುದು ಮೇಡಂ ಎಂದು ಅವನು ಸೀಟಿನ ಪಕ್ಕದ ಲಿವರ್ ಎಳೆದು ತೋರಿಸಿದ. ಅವಳು ಮತ್ತೆ ಗೇಣು ಹಾಕಿದಳು. ಆಗಲೂ ನಾಲ್ಕು ಬೆರಳು ಕಡಿಮೆ. ಕಾಗದಗಳನ್ನು ಜೋಡಿಸಿ ಅವನ ಕೈಗೇ ಕೊಟ್ಟಳು.

ದಪ್ಪ ಆಯಿಲ್ ತರಿಸಲು ಶೋರೂಮಿನವರಿಗೆ ನಾಲ್ಕು ದಿನ ಬೇಕಿತ್ತು. ನಾವು ಹಾಗೇ ಟಕ ಟಕ ಎನ್ನಿಸಿಕೊಂಡು ಮನೆಗೆ ಬಂದೆವು. ನಮ್ಮವರು ಗೆದ್ದವರಂತೆ ಕೈ ಉಜ್ಜಿದರು: "ನಾ ಅಂದಿದ್ದಿಲ್ಲೇನ? ಗಂಜಿ ಬೇಕಂತ!" ಸಾರ್ ಬಿಡಲಿಲ್ಲ. "ಗಂಜಿ ಅಲ್ಲ, ಪುಸ್ತಕ ಹೇಳಿದ್ದು. ನಿನ್ನ ಕಾರಿನ ಪುಸ್ತಕದಲ್ಲಿ ಮಜ್ಜಿಗೆ ಅಂತ ಬರೆದಿದೆ, ಹೋಗಿ ಓದಿಕೋ." ಇಬ್ಬರೂ ಜಗಳವಾಡುತ್ತಲೇ ಸ್ಟೇಷನ್ ಬಳಿಯ ಅಂಗಡಿಗೆ ಹೋಗಿ ಡಬ್ಬಿ ತಂದರು. ಭಾನುವಾರ ಬೀದಿಯ ಮೆಕ್ಯಾನಿಕ್ ಬಂದು ಹಳೆಯದನ್ನು ಇಳಿಸಿ ಹೊಸದನ್ನು ಸುರಿದು ಹೋದ. ಮೊದಲ ನಿಮಿಷ ಟಕ ಟಕ ಎಂದಿತು, ಆಮೇಲೆ ಸಣ್ಣದಾಯಿತು. ಪೂರ್ತಿ ನಿಲ್ಲಲಿಲ್ಲ.

ಗಂಡನ ಕರೆ ಶನಿವಾರ ಎರಡು ಗಂಟೆಗೇ ಬಂದಿತ್ತು. ಅವಳು ಸುತ್ತಿ ಬಳಸಿ ಹೇಳದೆ, "ನಾ ಸೈನ್ ಮಾಡ್ನಿಲ್ಲ ಕನ್ರೀ" ಎಂದಷ್ಟೇ ಶುರು ಮಾಡಿದಳು. ಆಮೇಲೆ ಸತ್ತಂನ ಕತೆ, ಸೀಟಿನ ಎತ್ತರ ಎಲ್ಲ ಹೇಳಿದಳು. ಆ ಕಡೆ ಯಾವುದೋ ಬಸ್ಸಿನ ಹಾರ್ನ್. ಕೊನೆಗೆ, "ಅತ್ತೆ ಕೂತ್ಕೋತಾರೆ ಅಂದ್ರೆ ಇರ್ಲಿ ಬುಡು. ದೂರ ಮಾತ್ರ ಹೋಗ್ಬೇಡಿ" ಎಂದರಂತೆ.

ಸೋಮವಾರ ನಾನೂ ಜೊತೆಗೆ ಹಿಂದೆ ಕೂತೆ, ಧೈರ್ಯಕ್ಕಿರಲಿ ಎಂದು. ದಾರಿಯುದ್ದಕ್ಕೂ ಅವಳು ರೇಡಿಯೋ ಹಾಕದೆ ಇಂಜಿನ್ನಿಗೇ ಕಿವಿಕೊಟ್ಟು ಓಡಿಸಿದಳು. ತ್ರಿಪ್ಲಿಕೇನ್‌ನ ಗಲ್ಲಿಯಲ್ಲಿ ತಾಯಿಯನ್ನು ಬಾಗಿಲ ಮುಂದೆ ಇಳಿಸಿ, ಒಂದ್ನಿಮಿಷ ಇಲ್ಲೇ ನಿಂತಿರಿ ಎಂದು ಹೇಳಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ಎರಡು ಸುತ್ತು ಹೊಡೆದೆವು. ವಾಪಸು ಓಡಿ ಬಂದರೆ ಬಾಗಿಲಲ್ಲಿ ಅವರಿಲ್ಲ. ಒಳಗೆ ಹೋಗಿ ನೋಡಿದರೆ, ಗೋಡೆ ಪಕ್ಕದ ಎತ್ತರದ ಕುರ್ಚಿಯಲ್ಲಿ ಕೂತು, ಟೋಕನ್ ಹಿಡಿದು, ಪಕ್ಕದ ಹೆಂಗಸಿನ ಮೊಣಕಾಲಿನ ಕತೆ ಕೇಳುತ್ತಿದ್ದರು.

"ಇಷ್ಟೊತ್ತಾ?" ಎಂದು ನಮ್ಮನ್ನು ಗದರಿದರು. "ಮುಂದಿಂದು ನಂದೇ."