ಅಂಕಲ್ ಕೋವಿಗೆ ಅಮ್ಮನ ಆಯುಧಪೂಜೆ

ಖುಷಿ ಹೆಚ್ಚಾದರೆ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಆ ವಾರವಂತೂ ಸಿಂಗಪುರದ ಸೆಲೆಟಾರ್ ವಿಮಾನ ನಿಲ್ದಾಣದ ಕೆಲಸದಲ್ಲಿ ವಿಮಾನದ ಎಂಜಿನ್ ಬಿಚ್ಚುವಾಗಲೂ ಹಾಡು ಗುನುಗುತ್ತಿದ್ದೆ. ಭಾನುವಾರ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ, ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ. ನನ್ನ ಮೊದಲ ಸ್ಪರ್ಧೆ! ಅದಕ್ಕೆ ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಸ್ವಂತ ಕೋವಿಯನ್ನೇ ಕೊಡಲು ಒಪ್ಪಿದ್ದರು. ಕ್ಲಬ್ಬಿನವರ ಅನುಮತಿಯೂ ಸಿಕ್ಕಿತ್ತು.

ಅವರನ್ನು ನಾನು ಅಂಕಲ್ ಎಂದೇ ಕರೆಯುವುದು. ಸಿಂಗಪುರದಲ್ಲೇ ಹುಟ್ಟಿ ಬೆಳೆದ ಚೀನೀ ಮನೆತನದವರು, ಭುಜನೋವಿನಿಂದ ಶೂಟಿಂಗ್ ಬಿಟ್ಟಿದ್ದರು. ಹರೆಯದಲ್ಲಿ ಆಸ್ಟ್ರೇಲಿಯಾದ ಉಪ್ಪುನೀರಿನ ಜೌಗಿನಲ್ಲಿ ಅದೇ ಕೋವಿ ಹಿಡಿದು ಬಾತುಕೋಳಿ ಬೇಟೆಯಾಡಿದವರು. ತುಕ್ಕೆಂದರೆ ಅವರಿಗೆ ಮೈಯೆಲ್ಲ ಉರಿ. ನಳಿಗೆಗೆ ನನ್ನ ಬೆರಳು ತಾಗಿದರೆ ಸಾಕು, "ಒರೆಸು ಲಾ! ಬೆವರಲ್ಲೂ ಉಪ್ಪಿದೆ" ಎಂದು, ಸಿಂಗಪುರದವರ ಮಾತಿಗೆ ಅಂಟಿಕೊಂಡೇ ಇರುವ ಆ 'ಲಾ' ಸೇರಿಸಿ ಕೂಗುತ್ತಿದ್ದರು. ನಮ್ಮ ಕ್ಲಬ್ಬಿಗೆ ಸಮುದ್ರದ ಗಾಳಿ ಬೇರೆ ಬಡಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿಯೇ ಕೋವಿಯನ್ನು ಒಳಗಿಡಬೇಕು. ಈ ಶಿಸ್ತು ತಪ್ಪಿದರೆ ಕೋವಿ ಇಲ್ಲ ಎಂದು ಮೊದಲೇ ಹೇಳಿದ್ದರು.

ಆಯುಧಪೂಜೆಯ ದಿನ, ಬೆಂಗಳೂರಿನಿಂದ ಬಂದಿದ್ದ ಅಮ್ಮನನ್ನು ಕ್ಲಬ್ಬಿಗೆ ಕರೆದೊಯ್ದೆ. ಅಮ್ಮನ ಬ್ಯಾಗಿನಲ್ಲಿ ಪೂಜೆಯ ತಟ್ಟೆಯೂ ಬಂತು.

"ಸಾಕ್ಷಾತ್ ಆಯುಧಾನೇ ಕೈಯಲ್ಲಿಟ್ಕೊಂಡು ಪೂಜೆ ಬೇಡ ಅಂತೀಯೇನೇ? ನಾವು ಮಿಕ್ಸಿಗೂ ಮಾಡ್ತೀವಿ!"

ಅಂಕಲ್‌ಗೆ ಹೇಳಿದೆ. "ಪ್ರಾರ್ಥನೆ ತಾನೆ, ಆಗಲಿ ಲಾ" ಎಂದು ನಕ್ಕರು. ಕೋವಿ ಖಾಲಿಯಿದೆಯೆಂದು ತೆರೆದು ತೋರಿಸಿ ಮೇಜಿನ ಮೇಲಿಟ್ಟು, ಅಲ್ಲೇ ಪಕ್ಕದಲ್ಲಿ ಯಾರೊಡನೆಯೋ ಮಾತಿಗೆ ನಿಂತರು. ಅಮ್ಮನ ಕೈ ಎಂಥಾ ಚುರುಕು ಅಂತೀರಿ! ನಾನು ಫೋನಿನಲ್ಲಿ ಫೋಟೊ ತೆಗೆಯುವಷ್ಟರಲ್ಲಿ ನಳಿಗೆಗೆ ಮೂರೆಳೆ ವಿಭೂತಿ ಬಿತ್ತು, ಒದ್ದೆ ಕುಂಕುಮ ಬಿತ್ತು. ಆಮೇಲೆ ನಿಂಬೆಹಣ್ಣು ಕೊಯ್ದು, ಕುಂಕುಮ ಅದ್ದಿ, ದೃಷ್ಟಿ ತೆಗೆದು, ಎರಡು ಹೋಳನ್ನೂ ನಳಿಗೆಯ ಮೇಲೇ ಕವುಚಿ ಒತ್ತಿಬಿಟ್ಟಳು. ರಸ ಧಾರಾಕಾರವಾಗಿ ಇಳಿಯಿತು.

ಅಂಕಲ್ ತಿರುಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಆ್ಯಸಿಡ್! ಆ್ಯಸಿಡ್ ಲಾ!"

ಭಾನುವಾರದ ನನ್ನ ಸ್ಪರ್ಧೆ ಇಲ್ಲಿಗೇ ಮುಗಿಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ.

"ಏನಂತೆ ಅವರದ್ದು?" ಎಂದಳು ಅಮ್ಮ, ಮಂಗಳಾರತಿ ಕರ್ಪೂರ ಹುಡುಕುತ್ತಾ.

"ತುಕ್ಕು ಹಿಡಿಯತ್ತಂತಮ್ಮಾ!"

"ಅಷ್ಟೇನಾ? ದೋಸೆ ಕಾವಲಿ ಎಷ್ಟು ತೊಳೆದಿಲ್ಲ ನಾನು! ಇಲ್ಲಿ ಕೊಡಿ."

ಅಂಕಲ್ ಸಿಹಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾ ಹೋದಂತೆ ಅಮ್ಮ ಹಿಂದೆಯೇ ಒಣಬಟ್ಟೆ ಉಜ್ಜುತ್ತಾ ಬಂದಳು. ಎಣ್ಣೆಯ ಸರದಿ ಬಂದಾಗ ಕಾವಲಿಗೆ ಸುರಿಯುವ ಹಾಗೆ ಸುರಿಯಹೊರಟಳು. ಅಂಕಲ್ ಅವಳ ಮಣಿಕಟ್ಟು ಹಿಡಿದು, ಒಂದೇ ಹನಿ ಎಂದು ಸನ್ನೆ ಮಾಡಿದರು. "ಜಿಪುಣ" ಎಂದಳು ಅಮ್ಮ. ನನಗೆ ಅಳು ಬರಬೇಕಾದ ಹೊತ್ತಿನಲ್ಲಿ ನಗು ಉಕ್ಕಿ ಬಂತು, ತಡೆಯಲಾಗಲಿಲ್ಲ.

ಆದರೂ ನಿಂಬೆ ಕೂತಿದ್ದಲ್ಲಿ ಕಪ್ಪು ಹೊಳಪು ಹೋಗಿ ಬೂದು ಮಚ್ಚೆ ಉಳಿಯಿತು. ಅಂಕಲ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ನಗು ಅಲ್ಲೇ ಸತ್ತಿತು.

"ಅಂಕಲ್, ಭಾನುವಾರ ನಾನು ಬರಲ್ಲ. ಸಾರಿ."

"ಯಾಕೆ?" ಎಂದರು. "ಕೆಸರಲ್ಲಿ ಬಿದ್ದಿದೆ, ಸಮುದ್ರದಲ್ಲಿ ನೆಂದಿದೆ, ಇಷ್ಟು ವರ್ಷ ಇದಕ್ಕೆ ಒಳ್ಳೆಯದಾಗಲಿ ಅಂತ ಯಾರೂ ಕೇಳಿಕೊಂಡಿಲ್ಲ. ನೀನೇ ಹೊಡಿ. ಆಂಟಿಯನ್ನೂ ಕರ್ಕೊಂಡು ಬಾ. ನಿಂಬೆಹಣ್ಣು ಮಾತ್ರ ಬೇಡ ಲಾ."

ಭಾನುವಾರ ಮೊದಲ ಬಿಲ್ಲೆಯೇ ಗಾಳಿಯಲ್ಲಿ ಪುಡಿಪುಡಿಯಾಯಿತು. ಗುಂಡಿನ ಸದ್ದಿಗೆಂದು ಹಾಕಿದ್ದ ಕಿವಿಯ ಮುಚ್ಚಳವನ್ನೂ ತೂರಿಕೊಂಡು ಹಿಂದಿನಿಂದ ಭರ್ಜರಿ ಸಿಳ್ಳೆಯೊಂದು ಬಂತು. ತಿರುಗಿ ನೋಡಿದರೆ ರೇಷ್ಮೆ ಸೀರೆಯ ಅಮ್ಮ, ಬಾಯಲ್ಲಿ ಎರಡು ಬೆರಳು. ಅಮ್ಮನಿಗೆ ಸಿಳ್ಳೆ ಹೊಡೆಯಲು ಬರುತ್ತದೆಂದು ನನಗೆ ಅದುವರೆಗೂ ಗೊತ್ತೇ ಇರಲಿಲ್ಲ.